ಬಾನೆಟ್ಟಿನ ಮೇಲಿನ ಲಾಂಛನ ನೋಡಿ ಚಾಲಕರನ್ನು ಅಳೆಯುವುದು ಎಷ್ಟು ಸರಿ?

ಹಿಂಬದಿ ಕನ್ನಡಿ (ಚರ್ಚೆ ಆರಂಭಿಸಿದವರು):

ಒಂಬತ್ತು ವರ್ಷ ಹಳೆಯದಾದ, ಈಗಾಗಲೇ ಇಬ್ಬರ ಕೈ ದಾಟಿರುವ ಒಂದು ಬಿಎಂಡಬ್ಲ್ಯು ಕಾರನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಈ ಸಂಗತಿಯನ್ನು ಹೇಳಿದಾಗ ಆಪ್ತರಲ್ಲಿ ಒಬ್ಬರೂ ಎಂಜಿನ್ ಹೇಗಿದೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳಲಿಲ್ಲ. "ಇನ್ನು ಮುಂದೆ ನೀವು ಇಂಡಿಕೇಟರ್ ಹಾಕುವುದಿಲ್ಲ ಎಂದಾಯಿತು" ಎಂದು ಒಬ್ಬರು ನಕ್ಕರೆ, "ಹಿಂದಿನಿಂದ ಬಂದು ಹೆಡ್‌ಲೈಟ್ ಮಿನುಗಿಸುವವರ ಸಾಲಿಗೆ ಸೇರಿದಿರಿ" ಎಂದು ಇನ್ನೊಬ್ಬರು ಹೇಳಿದರು. ಇಪ್ಪತ್ತು ವರ್ಷಗಳಿಂದ ನನ್ನ ಚಾಲನೆಯನ್ನು ಪಕ್ಕದಲ್ಲೇ ಕುಳಿತು ನೋಡಿದವರು ಇವರು. ನಾನಿನ್ನೂ ಕೊಳ್ಳದ ಕಾರು ಅವರ ಕಣ್ಣಿನಲ್ಲಿ ನನ್ನ ಸ್ವಭಾವವನ್ನು ಆಗಲೇ ಬದಲಾಯಿಸಿಬಿಟ್ಟಿತ್ತು.

ಇಂತಹ ಹಣೆಪಟ್ಟಿಗಳಿಗೆ ಕೊರತೆಯೇ ಇಲ್ಲ. ವೋಲ್ವೊ ಓಡಿಸುವವರು ಅತಿ ಜಾಗರೂಕರು, ಅವರ ಹಿಂದೆ ಸಿಕ್ಕಿಕೊಂಡರೆ ಹೊತ್ತು ಮುಳುಗಿತು ಎನ್ನುತ್ತಾರೆ. ಪೆಟ್ರೋಲಿನ ಜೊತೆಗೆ ವಿದ್ಯುತ್ತನ್ನೂ ಬಳಸುವ ಟೊಯೊಟದ ಹೈಬ್ರಿಡ್ ಕಾರಾದ ಪ್ರಿಯಸ್ ಓಡಿಸುವವರು ಕೇಳದಿದ್ದರೂ ಪರಿಸರದ ಪಾಠ ಹೇಳುತ್ತಾರಂತೆ. ಔಡಿ ಎಂದರೆ ಬಾಲ ಹಿಡಿದು ಬರುವವರು. ಟೊಯೊಟ ಕೊಂಡವರಿಗೆ ಕಾರಿನಲ್ಲಿ ಆಸಕ್ತಿಯೇ ಇರುವುದಿಲ್ಲ, ಅದು ಕೆಟ್ಟು ನಿಲ್ಲದಿದ್ದರೆ ಅವರಿಗೆ ಸಾಕು. ಇಟಲಿಯ ಕಾರು ಕೊಂಡವರದಂತೂ ಕುರುಡು ಪ್ರೀತಿ. ಇವುಗಳಲ್ಲಿ ಎಷ್ಟು ಪಾಲು ಕಾರಿನಿಂದ ಬಂದದ್ದು, ಎಷ್ಟು ಪಾಲು ಅದನ್ನು ಆರಿಸಿಕೊಳ್ಳುವ ಜನರಿಂದ ಬಂದದ್ದು, ಎಷ್ಟು ನೋಡುವವರ ಕಣ್ಣಿನಲ್ಲೇ ಹುಟ್ಟಿದ್ದು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಪಾದಚಾರಿ:

ನಾನು ಕಾರು ಓಡಿಸುವವನಲ್ಲ, ರಸ್ತೆ ದಾಟುವವನು. ಆದ್ದರಿಂದ ಯಾವ ಬ್ರ್ಯಾಂಡಿನ ಮೇಲೂ ನನಗೆ ಅಭಿಮಾನವಿಲ್ಲ, ಆದರೆ ಅನುಭವವಿದೆ. ಜೀಬ್ರಾ ಪಟ್ಟಿಯ ಮೇಲೆ ಕಾಲಿಟ್ಟಾಗ ನಿಲ್ಲದೆ ನುಗ್ಗುವ ಕಾರುಗಳು ಯಾವುವೆಂದು ಕೇಳಿದರೆ, ದೊಡ್ಡವು, ಹೊಳೆಯುವವು, ಬೆಲೆ ಬಾಳುವವು ಎಂದೇ ಹೇಳುತ್ತೇನೆ. ಇದು ನನ್ನೊಬ್ಬನ ಗೊಣಗಾಟವಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪಾಲ್ ಪಿಫ್ ಮತ್ತು ಸಂಗಡಿಗರು ರಸ್ತೆಯ ಬದಿಯಲ್ಲಿ ಮರೆಯಾಗಿ ನಿಂತು ಇದನ್ನೇ ಪರೀಕ್ಷಿಸಿದರು. ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ತಮ್ಮ ಸರದಿ ಬರುವ ಮೊದಲೇ ನುಗ್ಗುವವರು ಯಾರು, ಪಾದಚಾರಿಗೆ ದಾರಿ ಬಿಡದವರು ಯಾರು ಎಂದು ಗುರುತು ಹಾಕಿಕೊಂಡಾಗ, ಎರಡೂ ಕಡೆ ಹೆಚ್ಚು ಅಂತಸ್ತಿನ ಕಾರುಗಳ ಚಾಲಕರೇ ಮುಂದಿದ್ದರು. ಇಷ್ಟಾದ ಮೇಲೂ "ನೋಡುವವರ ಕಣ್ಣು" ಎಂದು ಹೇಳಿ ತಪ್ಪಿಸಿಕೊಳ್ಳುವುದು ಹೇಗೆ?

ಅಂಕಿ ಎಣಿಸುವವರು:

ಪಾದಚಾರಿಯವರು ಹೇಳಿದ ಅಧ್ಯಯನ ನಿಜವಾದದ್ದೇ. ಆದರೆ ಅದರಿಂದ ಅವರು ತೆಗೆದ ತೀರ್ಮಾನ ಅಧ್ಯಯನಕ್ಕಿಂತ ಎರಡು ಹೆಜ್ಜೆ ಮುಂದೆ ಹೋಗಿದೆ.

ಮೊದಲನೆಯದಾಗಿ, ಅಲ್ಲಿ ಬ್ರ್ಯಾಂಡುಗಳನ್ನು ಒಂದೊಂದಾಗಿ ಅಳೆದಿರಲಿಲ್ಲ. ಕಾರಿನ ತಯಾರಕರು, ವಯಸ್ಸು, ತೋರಿಕೆ ಇವೆಲ್ಲವನ್ನೂ ಸೇರಿಸಿ ವೀಕ್ಷಕರು 1ರಿಂದ 5ರವರೆಗೆ ದರ್ಜೆ ಕೊಟ್ಟಿದ್ದರು. ಚೆನ್ನಾಗಿ ತೊಳೆದ ಹೊಸ ಹೋಂಡಾ ಕಾರಿಗಿಂತ ಬಣ್ಣ ಹೋದ ಹಳೆಯ ಮರ್ಸಿಡಿಸ್ ಕೆಳಗಿನ ದರ್ಜೆಯಲ್ಲಿ ಬಂದಿರಲು ಅಡ್ಡಿಯಿಲ್ಲ. ಕೂಡುರಸ್ತೆಯಲ್ಲಿ ಗಮನಿಸಿದ್ದು 274 ಕಾರುಗಳನ್ನು, ಪಾದಚಾರಿ ಪಟ್ಟಿಯಲ್ಲಿ 152 ಕಾರುಗಳನ್ನು, ಅದೂ ಒಂದೇ ಪ್ರದೇಶದಲ್ಲಿ. ಐದು ದರ್ಜೆಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ ಎಷ್ಟು ಕಾರುಗಳು ಬರುತ್ತವೆಂದು ಲೆಕ್ಕ ಹಾಕಿ. ಒಂದು ಅಗುಳು ಹಿಚುಕಿ ಇಡೀ ಪಾತ್ರೆಯ ಹದ ಹೇಳುವ ಸ್ಥಾಲೀಪುಲಾಕ ನ್ಯಾಯ ನಡೆಯುವುದು ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದಿದ್ದರೆ ಮಾತ್ರ.

ಎರಡನೆಯದು ಇನ್ನೂ ಕುತೂಹಲಕಾರಿಯಾದದ್ದು. ಹೆಲ್ಸಿಂಕಿ ವಿಶ್ವವಿದ್ಯಾಲಯದ ಯಾನ್-ಎರಿಕ್ ಲೋನ್‌ಕ್ವಿಸ್ಟ್ ಅವರಿಗೂ ನಿಮ್ಮಂತೆಯೇ, ಕೆಂಪು ದೀಪ ದಾಟುವವರು, ದಾರಿ ಬಿಡದವರು ವೇಗದ ಜರ್ಮನ್ ಕಾರುಗಳಲ್ಲೇ ಇರುತ್ತಾರೆಂದು ಅನಿಸಿತ್ತು. ಅವರು ಮತ್ತು ಸಹಲೇಖಕರು ಫಿನ್ಲೆಂಡಿನ 1892 ಕಾರು ಮಾಲೀಕರ ವ್ಯಕ್ತಿತ್ವವನ್ನು ಪ್ರಶ್ನಾವಳಿಯ ಮೂಲಕ ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾದಕ್ಕೆ ಇಳಿಯುವ, ಹಟಮಾರಿಯಾದ, ಇತರರ ಬಗ್ಗೆ ಕನಿಕರ ಕಡಿಮೆಯಿರುವ ಗಂಡಸರಲ್ಲಿ ಔಡಿ, ಬಿಎಂಡಬ್ಲ್ಯು, ಮರ್ಸಿಡಿಸ್‌ಗಳಂತಹ ಕಾರು ಹೊಂದುವ ಒಲವು ಹೆಚ್ಚಾಗಿ ಕಂಡಿತು. ಇಲ್ಲಿಗೆ ನಿಲ್ಲಿಸಿದರೆ ನಮ್ಮ ನಗೆಹನಿಗಳೆಲ್ಲ ನಿಜ. ಆದರೆ ಅದೇ ಅಧ್ಯಯನದಲ್ಲಿ, ಶಿಸ್ತಿನ, ಹೊಣೆಯರಿತ, ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವ ಸ್ವಭಾವದವರೂ, ಗಂಡಸರು ಹೆಂಗಸರೆಂಬ ಭೇದವಿಲ್ಲದೆ, ಅವೇ ಕಾರುಗಳತ್ತ ಒಲಿದಿದ್ದರು. ಗುಣಮಟ್ಟ ಬೇಕೆಂದು ಕೊಂಡವರು ಮತ್ತು ಗತ್ತು ಬೇಕೆಂದು ಕೊಂಡವರು ಒಂದೇ ಲಾಂಛನದ ಹಿಂದೆ ಕುಳಿತಿದ್ದಾರೆ. ಮೊದಲನೆಯವರು ಇಂಡಿಕೇಟರ್ ಹಾಕಿ, ಅಂತರ ಕಾಯ್ದುಕೊಂಡು, ನಿಮ್ಮ ನೆನಪಿನಲ್ಲಿ ಒಂದು ಗೆರೆಯನ್ನೂ ಮೂಡಿಸದೆ ಹೋಗಿಬಿಡುತ್ತಾರೆ.

ಈ ಅಳಿಸಿಹೋಗುವಿಕೆಗೆ ಮನಶ್ಶಾಸ್ತ್ರದಲ್ಲಿ ಹಳೆಯದೊಂದು ಪ್ರಯೋಗವಿದೆ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಎಂಬ ಸಂಶೋಧಕರು ಜನರಿಗೆ ಎರಡು ಕಾಲ್ಪನಿಕ ಗುಂಪುಗಳ ಸದಸ್ಯರ ನಡತೆಯ ವಿವರಗಳನ್ನು ಓದಲು ಕೊಟ್ಟರು. ದೊಡ್ಡ ಗುಂಪಿನ ಬಗ್ಗೆ 18 ಒಳ್ಳೆಯ ಮತ್ತು 8 ಕೆಟ್ಟ ನಡತೆಗಳಿದ್ದವು, ಚಿಕ್ಕ ಗುಂಪಿನ ಬಗ್ಗೆ 9 ಒಳ್ಳೆಯ ಮತ್ತು 4 ಕೆಟ್ಟ ನಡತೆಗಳಿದ್ದವು. ಪ್ರಮಾಣ ಎರಡರಲ್ಲೂ ಒಂದೇ. ಹಾಗಿದ್ದರೂ ಓದಿದವರು ಚಿಕ್ಕ ಗುಂಪಿನ ಕೆಟ್ಟತನವನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ನೆನಪಿಟ್ಟುಕೊಂಡರು. ಅಪರೂಪದ ಗುಂಪು, ಅಪರೂಪದ ನಡತೆ ಎರಡೂ ಒಟ್ಟಿಗೆ ಬಂದಾಗ ಮನಸ್ಸಿಗೆ ಅದು ಎದ್ದು ಕಾಣುತ್ತದೆ. ದುಬಾರಿ ಕಾರು ರಸ್ತೆಯಲ್ಲಿ ಕಡಿಮೆ, ಅಪಾಯಕಾರಿಯಾಗಿ ನುಗ್ಗುವುದೂ ಕಡಿಮೆ, ಇವೆರಡೂ ಕೂಡಿದ ಕ್ಷಣ ಮನೆ ತಲುಪಿದ ಮೇಲೂ ಮರೆಯುವುದಿಲ್ಲ. ಸಾಧಾರಣ ಬಿಳಿಯ ಕಾರೊಂದು ಅದೇ ತಪ್ಪು ಮಾಡಿದರೆ ನಾವು "ಯಾರೋ ಒಬ್ಬ" ಎನ್ನುತ್ತೇವೆ, ಬ್ರ್ಯಾಂಡಿನ ಹೆಸರು ನಮ್ಮ ಬಾಯಿಗೆ ಬರುವುದೇ ಇಲ್ಲ.

ಪಾದಚಾರಿ:

ಒಲವು ಇದೆಯೆಂದು ನೀವೇ ಒಪ್ಪಿಕೊಂಡಿರಿ. ರಸ್ತೆ ದಾಟುವವನಿಗೆ ಹತ್ತರಲ್ಲಿ ಒಂಬತ್ತು ಜನ ಸಜ್ಜನರು ಎಂಬ ಸಮಾಧಾನ ಸಾಲದು. ಹತ್ತನೆಯವರು ಯಾರೆಂದು ಮೊದಲೇ ಊಹಿಸಿ ಹಿಂದೆ ಸರಿಯುವುದೇ ನನಗೆ ಕ್ಷೇಮ.

ಅಂಕಿ ಎಣಿಸುವವರು:

ಹಿಂದೆ ಸರಿಯುವುದಕ್ಕೆ ನನ್ನ ಆಕ್ಷೇಪವಿಲ್ಲ, ಎಲ್ಲ ಕಾರುಗಳ ಮುಂದೆಯೂ ಸರಿಯಿರಿ. ಲಾಂಛನ ನೋಡಿ ಸರಿಯುವವರು ಸೌಮ್ಯರದೆಂದು ಹೆಸರಾದ ಕಾರಿನ ಮುಂದೆ ಮೈಮರೆಯುತ್ತಾರಲ್ಲ, ನನ್ನ ಚಿಂತೆ ಅದು.

ಹಾರ್ನ್ ಕೇಳಿಸಿಕೊಂಡವರು:

ಎಲ್ಲರೂ ಚಾಲಕರ ನಡತೆಯನ್ನೇ ನೋಡುತ್ತಿದ್ದೀರಿ. ಕಾರನ್ನು ನೋಡಿ ಉಳಿದವರ ನಡತೆ ಬದಲಾಗುವುದನ್ನು ಯಾರೂ ಗಮನಿಸಿದಂತಿಲ್ಲ. 1968ರಲ್ಲಿ ಪ್ರಕಟವಾದ ಡೂಬ್ ಮತ್ತು ಗ್ರಾಸ್ ಅವರ ಪ್ರಯೋಗ ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಸಿಗ್ನಲ್ ಹಸಿರಾದ ಮೇಲೂ ಬೇಕೆಂದೇ ಕಾರನ್ನು ಕದಲಿಸದೆ ನಿಲ್ಲಿಸಿಕೊಂಡು, ಹಿಂದಿನವರು ಎಷ್ಟು ಹೊತ್ತಿಗೆ ಹಾರ್ನ್ ಒತ್ತುತ್ತಾರೆಂದು ಅವರು ಅಳೆದರು. ಒಮ್ಮೆ ನಿಲ್ಲಿಸಿದ್ದು ಹೊಳೆಯುವ ಹೊಸ ಕ್ರೈಸ್ಲರ್ ಇಂಪೀರಿಯಲ್, ಇನ್ನೊಮ್ಮೆ ಹಳೆಯ, ಮಂಕಾದ ಸಾಮಾನ್ಯ ಕಾರು. ಹಳೆಯ ಕಾರಿನ ಹಿಂದೆ ಶೇ. 84 ಮಂದಿ ಹಾರ್ನ್ ಒತ್ತಿದರೆ ಇಂಪೀರಿಯಲ್ ಹಿಂದೆ ಒತ್ತಿದವರು ಶೇ. 50 ಮಾತ್ರ.

ಇದರ ಇನ್ನೊಂದು ಭಾಗ ಇನ್ನೂ ಸೊಗಸಾಗಿದೆ. ಇದೇ ಸನ್ನಿವೇಶವನ್ನು ಕಾಗದದ ಮೇಲೆ ಬರೆದು ವಿದ್ಯಾರ್ಥಿಗಳನ್ನು ಕೇಳಿದಾಗ, ದುಬಾರಿ ಕಾರು ದಾರಿಗಡ್ಡವಾದರೆ ತಾವು ಬೇಗನೇ ಹಾರ್ನ್ ಒತ್ತುತ್ತೇವೆಂದು ಹುಡುಗರು ಬರೆದಿದ್ದರು. ಕಾಗದದ ಮೇಲೆ ಎಲ್ಲರೂ ಶೂರರು. ಹಾಗಾದರೆ ವರ್ಷಗಟ್ಟಲೆ ಹಾರ್ನ್ ಕೇಳಿಸಿಕೊಳ್ಳದೆ, ತಾನಾಗಿಯೇ ದಾರಿ ಬಿಡಿಸಿಕೊಳ್ಳುತ್ತಾ ಬಂದ ಕಾರಿನ ಒಡೆಯರಿಗೆ ರಸ್ತೆಯೆಲ್ಲ ತನ್ನದೆಂದು ಅನಿಸಿದರೆ ಅದರಲ್ಲಿ ನಮ್ಮ ಪಾಲೂ ಸ್ವಲ್ಪ ಇದೆಯೆಂದು ನನ್ನ ಅನಿಸಿಕೆ.

ಎಣ್ಣೆಗೈ:

ಇಪ್ಪತ್ತೆರಡು ವರ್ಷಗಳಿಂದ ಕಾರು ದುರಸ್ತಿಯಲ್ಲೇ ಇರುವವನಾಗಿ ಒಂದು ಮಾತು ಹೇಳಬೇಕಿದೆ. ಇಲ್ಲಿ ಎರಡು ಬೇರೆ ಬೇರೆ ಹೆಸರುಗಳನ್ನು ಒಂದೇ ಗಂಟು ಕಟ್ಟಲಾಗುತ್ತಿದೆ. ಕಾರು ಕೆಡುತ್ತದೆಯೋ ಇಲ್ಲವೋ ಎಂಬ ಹೆಸರು ಒಂದು, ಓಡಿಸುವವರು ಎಂಥವರು ಎಂಬ ಹೆಸರು ಇನ್ನೊಂದು. ಇವೆರಡೂ ಒಂದನ್ನೊಂದು ಹೇಗೆ ಹುಟ್ಟಿಸುತ್ತವೆ ಎಂಬುದನ್ನು ನಾನು ಕಾರನ್ನು ಎತ್ತಿ ನಿಲ್ಲಿಸುವ ಲಿಫ್ಟಿನ ಕೆಳಗೆ ನಿಂತು ನೋಡಿದ್ದೇನೆ.

ಬೆಲೆಬಾಳುವ ಕಾರು ಹೊಸದಾಗಿದ್ದಾಗ ಅದರ ಮೊದಲ ಒಡೆಯರು ವಾರಂಟಿ ಇರುವಷ್ಟು ಕಾಲ ಇಟ್ಟುಕೊಂಡು, ಕಂಪನಿ ಹೇಳಿದಂತೆ ಸರ್ವಿಸ್ ಮಾಡಿಸಿ, ಮಾರಿಬಿಡುತ್ತಾರೆ. ಆ ದರ್ಜೆಯ ಕಾರುಗಳ ಮರುಮಾರಾಟದ ಬೆಲೆ ಸಾಮಾನ್ಯ ಕಾರುಗಳಿಗಿಂತ ಬೇಗ ಇಳಿಯುತ್ತದೆ. ಎರಡನೆಯವರು, ಮೂರನೆಯವರು ಅದನ್ನು ಒಂದು ಹೊಸ ಚಿಕ್ಕ ಕಾರಿನ ಬೆಲೆಗೆ ಕೊಳ್ಳುತ್ತಾರೆ. ಕಾರಿನ ಬೆಲೆ ಇಳಿದಿರುತ್ತದೆ, ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ಆಗ ಶುರುವಾಗುತ್ತದೆ ಮುಂದೂಡುವಿಕೆ: ಗೇರ್‌ಬಾಕ್ಸ್ ಎಣ್ಣೆ ಮುಂದಿನ ವರ್ಷ ಬದಲಾಯಿಸೋಣ, ಸಸ್ಪೆನ್ಷನ್ ಬುಷ್ ಸ್ವಲ್ಪ ಸದ್ದು ಮಾಡಿದರೇನು, ಎಂಜಿನ್ ತಂಪಾಗಿಡುವ ಕೂಲಂಟ್ ಸೋರುತ್ತಿದ್ದರೆ ನೀರು ತುಂಬಿದರಾಯಿತು ಎಂದು. ಎಂಜಿನ್ ಬಿಸಿಯಾಗಿ ಅದರ ಮೇಲ್ಭಾಗವಾದ ಹೆಡ್ ಬಾಗಿದ ದಿನ ಎಲ್ಲರೂ ಹೇಳುವುದು "ಆ ಬ್ರ್ಯಾಂಡೇ ಹಾಗೆ" ಎಂದು. ಚಿಕ್ಕ ಕಾರುಗಳಲ್ಲೂ ಇದೇ ಅಸಡ್ಡೆ ನಡೆಯುತ್ತದೆ, ಆದರೆ ಅವುಗಳ ಭಾಗಗಳು ಅಗ್ಗವಾದ್ದರಿಂದ ರಿಪೇರಿಯಾಗುತ್ತವೆ, ಮಾತು ಅಲ್ಲಿಗೆ ಮುಗಿಯುತ್ತದೆ.

ನನ್ನ ಬಳಿ ಬರುತ್ತಿದ್ದ ಒಂದು ಕಾರಿನ ಕಥೆ ಹೇಳುತ್ತೇನೆ. ಯಾವ ಕಂಪನಿಯದೆಂದು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಮುಂದಿನ ಸಾಲು ಓದುವ ಮೊದಲೇ ತೀರ್ಪು ಕೊಟ್ಟುಬಿಡುತ್ತೀರಿ. ಅದರ ಮೂರನೆಯ ಒಡೆಯರು ವೇಗವಾಗಿ ಓಡಿಸುತ್ತಾರೆ, ಇದ್ದಕ್ಕಿದ್ದಂತೆ ಲೇನ್ ಬದಲಾಯಿಸುತ್ತಾರೆ ಎಂದು ಪರಿಚಿತರೆಲ್ಲ ದೂರುತ್ತಿದ್ದರು. ಕಾರನ್ನು ಎತ್ತಿ ನೋಡಿದರೆ ಮುಂದಿನ ಒಂದು ಕಡೆಯ ಕಂಟ್ರೋಲ್ ಆರ್ಮ್ ಬುಷ್ (ಚಕ್ರವನ್ನು ಹಿಡಿದಿಡುವ ತೋಳಿನ ರಬ್ಬರ್ ಜೋಡಣೆ) ಪೂರ್ತಿ ಹರಿದುಹೋಗಿತ್ತು. ಬ್ರೇಕ್ ಒತ್ತಿದಾಗಲೆಲ್ಲ ಕಾರು ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಅದನ್ನು ಬದಲಾಯಿಸಿದ ಮೇಲೆ ಚಾಲಕರ ಸ್ವಭಾವ ಅರ್ಧದಷ್ಟು ಸುಧಾರಿಸಿತು. ಉಳಿದರ್ಧ ಅವರದೇ, ಅದಕ್ಕೆ ನನ್ನಲ್ಲಿ ಬಿಡಿಭಾಗವಿಲ್ಲ.

ಇಂಡಿಕೇಟರ್ ನಗೆಹನಿಯ ಬಗ್ಗೆಯೂ ಒಂದು ಮಾತು. 2000ರ ದಶಕದ ಹಲವು ಬಿಎಂಡಬ್ಲ್ಯು ಮಾದರಿಗಳಲ್ಲಿ ಇಂಡಿಕೇಟರ್ ಕಡ್ಡಿ ಒತ್ತಿದ ಜಾಗದಲ್ಲಿ ನಿಲ್ಲದೆ ತಾನೇ ನಡುವಿಗೆ ಮರಳುತ್ತಿತ್ತು. ಹಳೆಯ ಅಭ್ಯಾಸದಂತೆ ಅದನ್ನು ಆರಿಸಲು ಎದುರು ದಿಕ್ಕಿಗೆ ತಳ್ಳಿದರೆ ಇನ್ನೊಂದು ಪಕ್ಕದ ದೀಪ ಮಿನುಗುವುದೂ ಇತ್ತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಮಿನುಗಿಸಿ ಬೇಸತ್ತವರನ್ನು ನಾನು ಕಂಡಿದ್ದೇನೆ. ನಗೆಹನಿ ಹುಟ್ಟಿದ್ದು ಇದರಿಂದಲೇ ಎಂದು ನಾನು ಹೇಳುತ್ತಿಲ್ಲ, ಆದರೆ ಅದು ಬಾಳಿ ಬದುಕಲು ಆ ಕಡ್ಡಿ ಸಹಾಯ ಮಾಡಿರಬಹುದು.

ಎರಡು ಹೆಸರಿನ ಕಾರು:

ಎಣ್ಣೆಗೈಯವರ ಮಾತಿಗೆ ಪೂರಕವಾಗಿ, ಹೆಸರು ಬೇರೆ ವಸ್ತು ಬೇರೆ ಎಂಬುದನ್ನು ಬಹುತೇಕ ಪ್ರಯೋಗಶಾಲೆಯಲ್ಲಿಟ್ಟಂತೆ ತೋರಿಸಿದ ಉದಾಹರಣೆಯೊಂದಿದೆ. ಜನರಲ್ ಮೋಟಾರ್ಸ್ ಮತ್ತು ಟೊಯೊಟ ಸೇರಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 1984ರಲ್ಲಿ ನಮ್ಮಿ ಎಂಬ ಜಂಟಿ ಕಾರ್ಖಾನೆ ನಡೆಸಲಾರಂಭಿಸಿದವು. ಅದೇ ಕಾರ್ಖಾನೆಯಲ್ಲಿ, ಅದೇ ಕಾರ್ಮಿಕರ ಕೈಯಲ್ಲಿ, ಟೊಯೊಟ ಕೊರೋಲಾ ಮತ್ತು ಅದರ ಅವಳಿಯಾಗಿ ಜನರಲ್ ಮೋಟಾರ್ಸ್ ತನ್ನ ಜಿಯೊ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಪ್ರಿಸಂ ತಯಾರಾದವು. ಯಾಂತ್ರಿಕವಾಗಿ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆದರೆ ಕೊರೋಲಾ ಹೆಚ್ಚು ಮಾರಾಟವಾಯಿತು, ಹಳೆಯದಾದ ಮೇಲೂ ಹೆಚ್ಚು ಬೆಲೆಗೆ ಹೋಯಿತು. ತಿಳಿದವರು ಪ್ರಿಸಂ ಕೊಂಡು ಕೊರೋಲಾ ಓಡಿಸಿದರು. ಅವರ ಜಾಣತನವನ್ನು ರಸ್ತೆಯಲ್ಲಿ ಯಾರೂ ಗುರುತಿಸಲಿಲ್ಲ, ಏಕೆಂದರೆ ಜಿಯೊ ಎಂಬ ಹೆಸರಿಗೆ ಜಾಣರ ಕಾರೆಂಬ ಹಣೆಪಟ್ಟಿ ಇರಲಿಲ್ಲ. (ಅದೇ ಕಾರ್ಖಾನೆಯ ಕಟ್ಟಡದಲ್ಲಿ ಈಗ ಟೆಸ್ಲಾ ಕಾರುಗಳು ತಯಾರಾಗುತ್ತವೆ. ಒಂದೇ ಸೂರಿನಡಿ ಎಷ್ಟು ಬಗೆಯ ಚಾಲಕರನ್ನು ಜನ ಕಲ್ಪಿಸಿಕೊಂಡರೋ!)

ಹಳೆಯ ಕಡತ:

ಹೆಸರು ವಸ್ತುವಿನಿಂದ ಬೇರೆಯಾಗಿರುವುದಷ್ಟೇ ಅಲ್ಲ, ಅದು ವಸ್ತುವಿಗಿಂತ ಹತ್ತಾರು ವರ್ಷ ಹಿಂದೆ ಉಳಿದಿರುತ್ತದೆ. ನನ್ನ ಮಟ್ಟಿಗೆ ಈ ಚರ್ಚೆಯ ತಿರುಳು ಇದೇ, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಔಡಿಯನ್ನೇ ನೋಡಿ. ಇಂದು ಅದರ ಚಾಲಕರೆಂದರೆ ಅವಸರದವರು ಎನ್ನುತ್ತೇವೆ. ನಾಲ್ಕು ದಶಕಗಳ ಹಿಂದೆ ಅಮೆರಿಕದಲ್ಲಿ ಔಡಿ ಎಂದರೆ ತಾನಾಗಿಯೇ ನುಗ್ಗುವ ಕಾರು. 1986ರ ನವೆಂಬರಿನಲ್ಲಿ ಸಿಬಿಎಸ್ ವಾಹಿನಿಯ ಕಾರ್ಯಕ್ರಮವೊಂದು ಔಡಿ 5000 ಮಾದರಿಯು ಚಾಲಕರ ಕಾಲು ಬ್ರೇಕಿನ ಮೇಲಿದ್ದರೂ ವೇಗ ಪಡೆಯುತ್ತದೆಂಬ ಆರೋಪವನ್ನು ಮನೆಮನೆಗೆ ತಲುಪಿಸಿತು. ಅದರಲ್ಲಿ ತೋರಿಸಿದ ಕಾರನ್ನು ಹಾಗೆ ವರ್ತಿಸುವಂತೆ ಮಾರ್ಪಡಿಸಲಾಗಿತ್ತೆಂಬುದು ನಂತರ ಹೊರಬಂತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 1989ರಲ್ಲಿ ಕೊಟ್ಟ ವರದಿ, ಇಂತಹ ಘಟನೆಗಳಲ್ಲಿ ಬಹುಪಾಲು ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರಿಂದ ಆದವು ಎಂದಿತು. ಅಷ್ಟರಲ್ಲಿ ನಡೆಯಬೇಕಾದದ್ದು ನಡೆದುಹೋಗಿತ್ತು. 1985ರಲ್ಲಿ ಅಲ್ಲಿ 74,000 ಕಾರು ಮಾರಿದ್ದ ಕಂಪನಿ 1991ರಲ್ಲಿ ಮಾರಿದ್ದು ಸುಮಾರು 12,000. ಬ್ರೇಕ್ ಒತ್ತದೆ ಗೇರ್ "ಪಾರ್ಕ್" ಸ್ಥಾನದಿಂದ ಹೊರಬರದಂತೆ ಮಾಡುವ ವ್ಯವಸ್ಥೆಯನ್ನು ಔಡಿ ಅಳವಡಿಸಿದ್ದು ಈ ಗದ್ದಲದ ನಡುವೆಯೇ. ಇಂದು ಆಟೊಮ್ಯಾಟಿಕ್ ಕಾರುಗಳಲ್ಲಿ ಅದನ್ನು ನಾವು ಸಹಜವೆಂಬಂತೆ ಬಳಸುತ್ತೇವೆ.

ಇದರ ಪಕ್ಕದಲ್ಲಿ ಟೊಯೊಟವನ್ನು ಇಡಿ. 2009 ಮತ್ತು 2010ರಲ್ಲಿ ಇದೇ ಬಗೆಯ ಆರೋಪ ಬಂದು ಕಂಪನಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸು ಕರೆಸಬೇಕಾಯಿತು. ಇಲ್ಲಿ ನಿಜವಾದ ದೋಷಗಳೂ ಇದ್ದವು: ಕಾಲಡಿಯ ಮ್ಯಾಟ್ ಪೆಡಲಿಗೆ ಸಿಕ್ಕಿಕೊಳ್ಳುತ್ತಿತ್ತು, ಕೆಲವು ಪೆಡಲುಗಳು ಅಂಟಿಕೊಳ್ಳುತ್ತಿದ್ದವು. ವಿದ್ಯುನ್ಮಾನ ವ್ಯವಸ್ಥೆಯಲ್ಲಿ ಕಾರಣ ಸಿಗಲಿಲ್ಲವೆಂದು ನಾಸಾ ತಜ್ಞರು ಪರೀಕ್ಷಿಸಿ 2011ರಲ್ಲಿ ತಿಳಿಸಿದರು. 2012ರ ಹೊತ್ತಿಗೆ ಟೊಯೊಟ ಮತ್ತೆ ಜಗತ್ತಿನಲ್ಲೇ ಅತಿ ಹೆಚ್ಚು ವಾಹನ ಮಾರಿದ ಕಂಪನಿಯಾಗಿತ್ತು. ದೋಷ ಸಾಬೀತಾದವರು ಬೇಗ ಎದ್ದು ನಿಂತರು, ಬಹುಮಟ್ಟಿಗೆ ನಿರ್ದೋಷಿಯೆಂದು ತೀರ್ಮಾನವಾದವರು ವರ್ಷಗಟ್ಟಲೆ ತೆವಳಿದರು. ಮೊದಲೇ ಕೂಡಿಟ್ಟಿದ್ದ ಒಳ್ಳೆಯ ಹೆಸರು ಒಬ್ಬರನ್ನು ಕಾಪಾಡಿತು, ಇನ್ನೊಬ್ಬರ ಬಳಿ ಅಂತಹ ಉಳಿತಾಯವಿರಲಿಲ್ಲ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಸ್ಕೋಡಾದ್ದು ಇದಕ್ಕಿಂತ ವಿಚಿತ್ರ. ಅದರ ಮೂಲ 1895ರಷ್ಟು ಹಳೆಯದು, ಆದರೂ ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಅದು ಗೇಲಿಗೇ ಮೀಸಲಾದ ಹೆಸರು. "ಸ್ಕೋಡಾದ ಹಿಂದಿನ ಗಾಜಿಗೆ ಹೀಟರ್ ಏಕಿದೆ? ತಳ್ಳುವವರ ಕೈ ಬೆಚ್ಚಗಿರಲೆಂದು." 1991ರಲ್ಲಿ ಫೋಕ್ಸ್‌ವ್ಯಾಗನ್ ಪಾಲುದಾರನಾಗಿ ಬಂದು ಕಾರುಗಳು ಸುಧಾರಿಸಿದ ಮೇಲೂ ನಗು ನಿಲ್ಲಲಿಲ್ಲ. ಕೊನೆಗೆ 2000ದಲ್ಲಿ ಕಂಪನಿಯೇ ಆ ಗೇಲಿಯನ್ನು ಜಾಹೀರಾತಿನ ವಸ್ತುವನ್ನಾಗಿ ಮಾಡಿ, ಇಷ್ಟು ಚೆನ್ನಾಗಿರುವುದು ಸ್ಕೋಡಾ ಎಂದು ನಂಬಲಾಗದ ಜನರನ್ನೇ ತೋರಿಸಿತು. ಕಾರು ಬದಲಾದ ಎಷ್ಟೋ ವರ್ಷಗಳ ನಂತರವಷ್ಟೇ ಹೆಸರು ಬದಲಾಯಿತು.

ಚಾಲಕರ ಚಿತ್ರವೂ ಹೀಗೆಯೇ ಸ್ಥಳ ಕಾಲಗಳಿಗೆ ಅಂಟಿಕೊಂಡಿರುತ್ತದೆ. ಮರ್ಸಿಡಿಸ್ ಎಂದೊಡನೆ ಹಲವು ದೇಶಗಳಲ್ಲಿ ಸಿರಿವಂತರು ನೆನಪಾದರೆ, ಜರ್ಮನಿಯಲ್ಲಿ ತಿಳಿ ದಂತವರ್ಣದ ಟ್ಯಾಕ್ಸಿ ನೆನಪಾಗುತ್ತದೆ. 1976ರಿಂದ 1986ರವರೆಗೆ ತಯಾರಾದ ಡಬ್ಲ್ಯು 123 ಸರಣಿಯ ಸುಮಾರು 27 ಲಕ್ಷ ಕಾರುಗಳಲ್ಲಿ ಎಷ್ಟೋ ಕಾರುಗಳು ಬಾಡಿಗೆಗೆ ಓಡಿಯೇ ಮುಪ್ಪಾದವು. ಅಲ್ಲಿ ಆ ಲಾಂಛನದ ಹಿಂದೆ ಕುಳಿತವರನ್ನು ಕಂಡು ಯಾರೂ ಗರ್ವಿಷ್ಠರೆನ್ನಲಿಲ್ಲ, "ಖಾಲಿ ಇದೆಯೇ" ಎಂದು ಕೇಳಿದರು. ನಾಜಿ ಆಡಳಿತದ ಯೋಜನೆಯಾಗಿ ಹುಟ್ಟಿದ ಫೋಕ್ಸ್‌ವ್ಯಾಗನ್ ಬೀಟಲ್ 1960ರ ದಶಕದಲ್ಲಿ ಅಮೆರಿಕದ ಯುದ್ಧವಿರೋಧಿ ಯುವಜನರ ಮೆಚ್ಚಿನ ಕಾರಾಯಿತು. ತಗಡಿನ ಅದೇ ಗುಂಡು ಆಕಾರ, ಓಡಿಸುವವರ ಬಗೆಗಿನ ಕಲ್ಪನೆ ಮಾತ್ರ ತಲೆಕೆಳಗು.

ಜಾಹೀರಾತು ಓದುವವರು:

ಇಷ್ಟು ಹೊತ್ತು ಕಂಪನಿಗಳನ್ನು ಪಾಪದವರಂತೆ ನೋಡಿದ್ದಾಯಿತು. ಚಾಲಕರ ಬಗೆಗಿನ ಈ ಚಿತ್ರಗಳನ್ನು ಬಿತ್ತಿ ಬೆಳೆಸಿದವರಲ್ಲಿ ಅವರೂ ಇದ್ದಾರೆಂಬುದನ್ನು ಏಕೆ ಮರೆಯುತ್ತೀರಿ? ಮೂರು ಬಿಂದುಗಳ ಸೀಟ್‌ಬೆಲ್ಟನ್ನು 1959ರಲ್ಲಿ ವೋಲ್ವೊದ ನಿಲ್ಸ್ ಬೋಲಿನ್ ರೂಪಿಸಿದರು. ಆ ಪೇಟೆಂಟನ್ನು ಇತರ ತಯಾರಕರೂ ಬಳಸಲು ಕಂಪನಿ ಬಿಟ್ಟುಕೊಟ್ಟಿತು. ಅದು ದೊಡ್ಡ ಕೆಲಸ, ನಿಜ. ಆದರೆ ನಂತರದ ದಶಕಗಳಲ್ಲಿ ಕಂಪನಿ ಸುರಕ್ಷತೆಯನ್ನೇ ಸಾರಿ ಸಾರಿ ಮಾರಿತು. ಸುರಕ್ಷತೆಗೆ ಮನಸೋಲುವವರೇ ಅದನ್ನು ಕೊಂಡರು. ಅವರು ನಿಧಾನವಾಗಿ ಓಡಿಸಿದರೆ ಆಶ್ಚರ್ಯವೇನು? ಬಿಎಂಡಬ್ಲ್ಯು 1970ರ ದಶಕದಿಂದ ಅಮೆರಿಕದಲ್ಲಿ ತನ್ನನ್ನು "ಚಾಲನೆಯ ಪರಮ ಯಂತ್ರ" ಎಂಬ ಅರ್ಥದ ಘೋಷಣೆಯಿಂದ ಕರೆದುಕೊಂಡಿತು. ಪ್ರಯಾಣಿಕರ ಸುಖವನ್ನಲ್ಲ, ಚಾಲಕರ ಸುಖವನ್ನು ಮಾರಿದಾಗ ಎಂತಹ ಚಾಲಕರು ಬರುತ್ತಾರೋ ಅಂತಹವರೇ ಬಂದರು.

ಸುಬಾರು 1990ರ ದಶಕದಲ್ಲಿ ಅಮೆರಿಕದಲ್ಲಿ ತನ್ನ ಕಾರುಗಳನ್ನು ಯಾರು ಕೊಳ್ಳುತ್ತಿದ್ದಾರೆಂದು ಪರಿಶೀಲಿಸಿ, ಶಿಕ್ಷಕರು, ಆರೋಗ್ಯ ಕ್ಷೇತ್ರದವರು, ಬಯಲು ಸುತ್ತಾಟದ ಪ್ರಿಯರ ಜೊತೆಗೆ ಸಲಿಂಗಿ ಮಹಿಳೆಯರೂ ಗಣನೀಯವಾಗಿದ್ದಾರೆಂದು ಕಂಡುಕೊಂಡಿತು. ಬೇರೆ ಕಂಪನಿಗಳು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರನ್ನೇ ಉದ್ದೇಶಿಸಿ ಜಾಹೀರಾತು ಮಾಡಿತು. ಆ ಬ್ರ್ಯಾಂಡಿನ ಚಾಲಕರ ಬಗ್ಗೆ ಅಲ್ಲಿ ಇಂದಿಗೂ ಇರುವ ಕಲ್ಪನೆ ಗಾಳಿಯಿಂದ ಬಂದದ್ದಲ್ಲ. ಪ್ರಿಯಸ್‌ನ ಯಶಸ್ಸಿನಲ್ಲಿಯೂ ಅದರ ಆಕಾರದ ಪಾಲಿದೆ. ಹೋಂಡಾ ಸಿವಿಕ್ ಹೈಬ್ರಿಡ್ ನೋಡಲು ಸಾಮಾನ್ಯ ಸಿವಿಕ್‌ನಂತೆಯೇ ಇತ್ತು, ಪ್ರಿಯಸ್ ದೂರದಿಂದಲೇ ಗುರುತು ಸಿಗುತ್ತಿತ್ತು. ಪರಿಸರ ಕಾಳಜಿ ಹೆಚ್ಚಿರುವ ನೆರೆಹೊರೆಗಳಲ್ಲಿ ಜನ ಆ ಗುರುತಿಗಾಗಿಯೇ ಹೆಚ್ಚು ತೆರಲು ಸಿದ್ಧರಿದ್ದರೆಂದು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ತೋರಿಸಿದೆ. ಗುರುತಿಸಿಕೊಳ್ಳಲೆಂದೇ ಕೊಂಡವರು, ಗುರುತಿಸಿ ನಕ್ಕಾಗ ನೊಂದುಕೊಳ್ಳುವುದು ನನಗೆ ಅಷ್ಟಾಗಿ ಅರ್ಥವಾಗುವುದಿಲ್ಲ.

ಹಿಂಬದಿ ಕನ್ನಡಿ:

ಹೊಸದಾಗಿ ಕೊಂಡವರಿಗೆ ಈ ಮಾತು ಒಪ್ಪುತ್ತದೆ. ನನ್ನ ಕೈಗೆ ಬರುತ್ತಿರುವುದು ಯಾರೋ ಇಬ್ಬರು ಆರಿಸಿ, ಬಳಸಿ, ಬಿಟ್ಟ ಕಾರು. ಜಾಹೀರಾತು ಉದ್ದೇಶಿಸಿದ್ದು ನನ್ನನ್ನಲ್ಲ.

ಜಾಹೀರಾತು ಓದುವವರು:

ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ. ಆದರೂ ಹೋಲುವ ಬೆಲೆಯ ಇತರ ಹಳೆಯ ಕಾರುಗಳನ್ನು ಬಿಟ್ಟು ಇದನ್ನೇ ಏಕೆ ಆರಿಸಿದಿರಿ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ, ಇಲ್ಲಿ ಉತ್ತರಿಸಬೇಕಾಗಿಲ್ಲ.

ಅಂಕಿ ಎಣಿಸುವವರು:

ಬ್ರ್ಯಾಂಡು ಎಂಬ ಅಳತೆಯೇ ತೀರಾ ದೊಡ್ಡದೆಂಬುದನ್ನೂ ಸೇರಿಸಬೇಕು. ಒಂದೇ ಲಾಂಛನದಡಿ ಕುಟುಂಬದ ಕಾರೂ ಇರುತ್ತದೆ, ಎರಡು ಬಾಗಿಲಿನ ಭಾರಿ ಶಕ್ತಿಯ ಕಾರೂ ಇರುತ್ತದೆ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯು ಚಾಲಕರ ಸಾವಿನ ಪ್ರಮಾಣವನ್ನು ಮಾದರಿವಾರು ಪ್ರಕಟಿಸುತ್ತದೆ. ಅದರಲ್ಲಿ ತೀರಾ ಚಿಕ್ಕ ಕಾರುಗಳೂ ಹೆಚ್ಚು ಶಕ್ತಿಯ ಸ್ಪೋರ್ಟ್ಸ್ ಕಾರುಗಳೂ ಕೆಟ್ಟ ತುದಿಯಲ್ಲಿ ಕಾಣಿಸಿಕೊಳ್ಳುತ್ತಾ ಬಂದಿವೆ. ಮೊದಲನೆಯದಕ್ಕೆ ಕಾರಣ ಭೌತಶಾಸ್ತ್ರ, ಎರಡನೆಯದಕ್ಕೆ ಹೆಚ್ಚಿನ ಪಾಲು ಓಡಿಸುವ ರೀತಿ. ಚಾಲಕರ ವಯಸ್ಸು, ಓಡುವ ದೂರ, ಓಡುವ ಹೊತ್ತು ಇವನ್ನೆಲ್ಲ ಕಳೆದ ಮೇಲೆ ಲಾಂಛನದ ಪಾಲಿಗೆ ಉಳಿಯುವುದು ಜನ ಭಾವಿಸುವುದಕ್ಕಿಂತ ಬಹಳ ಕಡಿಮೆ ಎಂಬುದು ನನ್ನ ತಿಳಿವಳಿಕೆ.

ನಮ್ಮ ಬಗ್ಗೆಯೂ ಒಂದು ಅಂಕಿ ಇರಲಿ. ಸ್ವೀಡನ್ನಿನ ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಚಾಲನಾ ಕೌಶಲ ಗುಂಪಿನ ಮಧ್ಯದವರಿಗಿಂತ ಮೇಲೆಂದು ಅಮೆರಿಕದ ಶೇ. 93 ವಿದ್ಯಾರ್ಥಿಗಳು, ಸ್ವೀಡನ್ನಿನ ಶೇ. 69 ವಿದ್ಯಾರ್ಥಿಗಳು ಹೇಳಿಕೊಂಡಿದ್ದರು. ಇಷ್ಟು ಜನ ಉತ್ತಮರಾದ ಮೇಲೆ ಕೆಟ್ಟವರನ್ನು ಬೇರೆ ಬ್ರ್ಯಾಂಡಿನಲ್ಲೇ ಹುಡುಕಬೇಕಾಗುತ್ತದೆ.

ಎಣ್ಣೆಗೈ:

ಹಿಂಬದಿ ಕನ್ನಡಿಯವರೇ, ಇಂಡಿಕೇಟರ್ ಚಿಂತೆ ಬಿಡಿ. ಕಾರು ನೋಡಲು ಹೋದಾಗ ತಣ್ಣಗಿರುವ ಎಂಜಿನನ್ನೇ ಶುರು ಮಾಡಿಸಿ. ಅವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ. ಶುರುವಾದ ಮೊದಲ ಕೆಲವು ಕ್ಷಣ ಎಂಜಿನ್ನಿನೊಳಗಿನ ಟೈಮಿಂಗ್ ಚೈನಿನ ಕಡೆಯಿಂದ ಗಲಗಲ ಸದ್ದು ಬರುತ್ತದೆಯೇ ಎಂದು ಕಿವಿಗೊಡಿ. ಸರ್ವಿಸ್ ದಾಖಲೆಯಲ್ಲಿ ಎರಡನೆಯ ಒಡೆಯರ ವರ್ಷಗಳನ್ನೇ ವಿಶೇಷವಾಗಿ ಓದಿ, ಮೊದಲನೆಯವರ ಪುಟಗಳು ಯಾವಾಗಲೂ ಚೆನ್ನಾಗಿರುತ್ತವೆ.

ಹಿಂಬದಿ ಕನ್ನಡಿ:

ಎಲ್ಲರಿಗೂ ವಂದನೆಗಳು. ನಿನ್ನೆ ಕಾರನ್ನು ನೋಡಿ ಬಂದೆ. ಎಂಜಿನ್ ತಣ್ಣಗೇ ಇತ್ತು, ಸದ್ದೇನೂ ಬರಲಿಲ್ಲ. ದಾಖಲೆಯಲ್ಲಿ ಎರಡನೆಯ ಒಡೆಯರ ನಾಲ್ಕು ವರ್ಷಗಳಲ್ಲಿ ಎಂಜಿನ್ ಎಣ್ಣೆ ಪ್ರತಿ ವರ್ಷ ಬದಲಾಗಿದೆ, ಗೇರ್‌ಬಾಕ್ಸ್ ಎಣ್ಣೆ ಒಮ್ಮೆ, ಕೂಲಂಟ್ ಒಮ್ಮೆ, ಎಲ್ಲವೂ ದಿನಾಂಕ ಸಹಿತ ಇವೆ. ಮಾರುತ್ತಿರುವವರು ನಿವೃತ್ತ ಗ್ರಂಥಪಾಲಕಿ. ನಾನು ಆ ಬ್ರ್ಯಾಂಡಿನ ಒಡೆಯರೆಂದರೆ ಮೂವತ್ತರ ಆಸುಪಾಸಿನ ಯಾರನ್ನೋ ಕಲ್ಪಿಸಿಕೊಂಡು ಹೋಗಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಪರೀಕ್ಷೆಗೆಂದು ಓಡಿಸುವಾಗ ಅವರು ಪಕ್ಕದಲ್ಲಿ ಕುಳಿತಿದ್ದರು. ಮೊದಲ ತಿರುವಿನಲ್ಲಿ ನಾನು ಇಂಡಿಕೇಟರ್ ಹಾಕುವುದು ಸ್ವಲ್ಪ ತಡವಾಯಿತೆಂದು ಅವರೇ ನೆನಪಿಸಿದರು.